ಹೆಜ್ಜೆ ಹಾಕಿ ಕಲಿತ ಸ್ಪ್ಯಾನಿಶ್

ಕುರುಗೋಡಿನ ಮರಿಬಸಪ್ಪ ಮಾಸ್ತರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತಾವೇ ಶಾಲೆಗೆ ಹೋದದ್ದು ಏಳನೆಯ ತರಗತಿಯವರೆಗೆ, ಅದರಲ್ಲೂ ಏಳನೆಯದು ಎರಡು ಸಲ. ಅವರು ಬಯಲಾಟದ ಮಾಸ್ತರು. ನಲವತ್ತೊಂದು ವರ್ಷ ಸುತ್ತಲಿನ ಹಳ್ಳಿಗಳಲ್ಲಿ, ಅತ್ತ ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದವರೆಗೂ ಹೋಗಿ, ಕುರಿ ಕಾಯುವವರನ್ನು ರಾಜರನ್ನಾಗಿ, ಭತ್ತದ ಚೀಲ ಹೊರುವ ಹಮಾಲರನ್ನು ರಾಕ್ಷಸರನ್ನಾಗಿ ಮಾಡಿ ರಂಗಕ್ಕೆ ಹತ್ತಿಸಿದವರು.

ಓದು ಬಾರದವನ ಬಾಯಲ್ಲಿ ಮಾರುದ್ದದ ಸಂಸ್ಕೃತದ ಮಾತು ತುಂಬುವುದು ಹುಡುಗಾಟವಲ್ಲ. ಅದಕ್ಕೆ ಮಾಸ್ತರದ್ದೇ ಒಂದು ಪದ್ಧತಿ ಇತ್ತು. ಮಾತನ್ನು ಕಬ್ಬು ಕಡಿದಂತೆ ಗಿಣ್ಣು ಗಿಣ್ಣಿಗೆ ತುಂಡು ಮಾಡುವುದು, ಪ್ರತಿ ತುಂಡಿಗೆ ಒಂದು ಚಪ್ಪಾಳೆ ಹಾಕುವುದು, ಯಾವ ತುಂಡಿನಲ್ಲಿ ಜೀವ ಇದೆಯೋ ಅಲ್ಲಿ ಬಲಗಾಲಿನಿಂದ ನೆಲ ಒದೆಯುವುದು. ತಲೆ ಮರೆತರೂ ಕಾಲು ಮರೆಯುವುದಿಲ್ಲ ಎಂಬುದು ಅವರ ಸಿದ್ಧಾಂತ. ಅರ್ಥದ ಗೊಡವೆಗೆ ಅವರು ಹೋದವರಲ್ಲ. ಅರ್ಥ ಬೇಕಾದ್ದು ನೋಡುವವರಿಗೆ, ಆಡುವವನಿಗೇಕೆ ಎನ್ನುತ್ತಿದ್ದರು. ಏನೇ ಇರಲಿ, ಮರಿಬಸಪ್ಪನ ಶಿಷ್ಯ ರಂಗದ ಮೇಲೆ ತಡವರಿಸಿದ ಎಂಬ ಮಾತು ಈ ಸೀಮೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಒಮ್ಮೆ ರಾಜನ ಪಾತ್ರದ ಮಾರೆಣ್ಣನ ಕಿರೀಟ ಜಾರಿ ಮೂಗಿನವರೆಗೂ ಇಳಿದುಬಿಟ್ಟಿತು. ಮುಖ ಕಾಣದಿದ್ದರೂ ಒಳಗಿನಿಂದ ಮಾತು ಒಂದಕ್ಷರ ತಪ್ಪದೆ ಬರುತ್ತಲೇ ಇತ್ತು. ಆ ಕಥೆಯನ್ನು ಮಾಸ್ತರು ಹೇಳದೆ ಬಿಟ್ಟ ಮನೆ ಕುರುಗೋಡಿನಲ್ಲಿ ಇಲ್ಲ.

ಈಗ ನಾಲ್ಕು ವರ್ಷದಿಂದ ಮೇಳವಿಲ್ಲ. ರಾಕ್ಷಸರು ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸಕ್ಕೆ ಹೋದರು. ಮಾರೆಣ್ಣನ ಮೊಣಕಾಲು ಹೋಯಿತು. ಶಿಷ್ಯರಿಲ್ಲದ ಮಾಸ್ತರು ಕಂಡಕಂಡವರನ್ನು ತಿದ್ದತೊಡಗಿದರು. ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗಿದರೆ ತಿದ್ದುವುದು, ಪೇರಲಹಣ್ಣು ಮಾರುವವಳು ಕೂಗಿದರೆ ತಿದ್ದುವುದು. ಆಟೋಕ್ಕೆ ಮೈಕು ಕಟ್ಟಿಕೊಂಡು ಸೀರೆ ಸೇಲಿನ ಪ್ರಚಾರಕ್ಕೆ ಬಂದವನನ್ನು ನಡುರಸ್ತೆಯಲ್ಲಿ ನಿಲ್ಲಿಸಿ, “ಉಸುರೆಲ್ಲಾ ಸೀರಿ ಮ್ಯಾಲೆ ಖರ್ಚು ಮಾಡಬ್ಯಾಡಲೇ, ಸೇಲಿಗೆ ಸ್ವಲ್ಪ ಉಳಿಸ್ಕೋ” ಎಂದು ಅರ್ಧ ಗಂಟೆ ತಾಲೀಮು ಕೊಟ್ಟು ಕಳಿಸಿದ್ದರು.

ಹೆಂಡತಿ ಜಂಬಮ್ಮನಿಗೆ ಇದು ಸಾಕಾಗಿಹೋಗಿತ್ತು. “ಕಲಿಸೋ ಚಟ ಕುಡಿಯೋ ಚಟಕ್ಕಿಂತ ಕೆಟ್ಟದ್ದು ನೋಡ್ರವ್ವಾ,” ಎಂದು ಓಣಿಯ ಹೆಂಗಸರಿಗೆ ಹೇಳುತ್ತಿದ್ದಳು. “ಕುಡುಕರು ಮಲಗಿದ ಮ್ಯಾಲಾದ್ರೂ ಸುಮ್ಮನಿರ್ತಾರ. ಇವರು ನಿದ್ದಿಗಣ್ಣಾಗೂ ನನ್ನ ಗೊರಕಿ ತಿದ್ದುತಾರ.”

ಇಂಥ ಹೊತ್ತಿನಲ್ಲಿ ಒಂದು ಭಾನುವಾರ ಬಳ್ಳಾರಿಯಿಂದ ಚಾಂದಸಾಬ್ ಬಂದ. ಮೊದಲು ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನು, ಈಗ ಕೌಲ್ ಬಜಾರಿನಲ್ಲಿ ಆರು ಮಿಷನ್ ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಸುತ್ತಾನೆ. ಜೊತೆಯಲ್ಲಿ ಮಗಳು ಗುಲ್ನಾಜ್. ಬಿ.ಎ. ಮುಗಿಸಿ ಅಪ್ಪನ ಅಂಗಡಿಯಲ್ಲೇ ಜೇಬು ಹೊಲಿಯುವ ಮಿಷನ್ ಮುಂದೆ ಕೂರುವ, ಇಪ್ಪತ್ತಾರರ ಹುಡುಗಿ.

“ಮಾಸ್ತರ, ಈಕಿಗೆ ಮಾತು ಕಲಿಸ್ರಿ,” ಎಂದ ಚಾಂದಸಾಬ್, ಚಹಾ ಕೈಗೆ ಬರುವ ಮೊದಲೇ.

“ಆಕಿಗೇನು ಮಾತು ಬರಂಗಿಲ್ಲೇನು? ಸಣ್ಣಾಕಿದ್ದಾಗ ತಾಲೀಮಿಗೆ ಬಂದು ನನ್ನ ತಲಿ ತಿಂತಿದ್ಲಲ್ಲ.”

“ಕನ್ನಡ ಅಲ್ರಿ. ಸ್ಪ್ಯಾನಿಶ್.”

ಮಾಸ್ತರು ಜಂಬಮ್ಮನ ಮುಖ ನೋಡಿದರು. ಜಂಬಮ್ಮ ಚಾಂದಸಾಬನ ಮುಖ ನೋಡಿದಳು. “ಅದ್ಯಾವ ಸೀಮಿ ಮಾತಪಾ?” ಎಂದಳು.

“ಸ್ಪೇನ್ ದೇಶದ್ದು ಅತ್ತಿ. ಯುರೋಪಿನ್ಯಾಗ ಐತಿ,” ಎಂದಳು ಗುಲ್ನಾಜ್.

“ಅಲ್ಲಿ ಬಯಲಾಟ ಐತೇನು?” ಎಂದು ಮಾಸ್ತರು ಕೇಳಿದರು.

“ಗೂಳಿ ಕಾಳಗ ಐತಿ ಕಾಕಾ.”

“ಹಂಗಾದ್ರ ಮಂದಿ ಛಲೋ ಇರಬೇಕು,” ಎಂದು ಮಾಸ್ತರು ಗೋಡೆಗೆ ಒರಗಿ ಕೂತರು.

ವಿಷಯ ಹೀಗಿತ್ತು. ಸಿರುಗುಪ್ಪದಲ್ಲಿ ಒಂದು ಸೇವಾಸಂಸ್ಥೆಯ ಕಚೇರಿ ಇತ್ತು. ಗಡಿ ಹಳ್ಳಿಗಳ ಮಕ್ಕಳ ಓದಿಗೆ ಸ್ಪೇನಿನ ಜನ ನೆರವು ಕೊಡುತ್ತಿದ್ದರು. ಅಲ್ಲಿಂದ ಪತ್ರ ಬರುತ್ತಿದ್ದವು, ಇಲ್ಲಿಂದ ಮಕ್ಕಳು ಬರೆದದ್ದು ಹೋಗಬೇಕು, ಆಗಾಗ ಬರುವ ದಾನಿಗಳ ಜೊತೆ ಹಳ್ಳಿಗೆ ಹೋಗಿ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸಬೇಕು. ಅದಕ್ಕೊಬ್ಬರು ಬೇಕಾಗಿದ್ದರು. ಸಂಸ್ಥೆಯವರೇ ಒಂದು ವರ್ಷ ಮೊಬೈಲಿನಲ್ಲಿ ಪುಕ್ಕಟೆ ಪಾಠ ಇಟ್ಟಾಗ ಇಪ್ಪತ್ತೆರಡು ಜನ ಸೇರಿದ್ದರು. ಯುಗಾದಿಯ ಹೊತ್ತಿಗೆ ಉಳಿದವಳು ಗುಲ್ನಾಜ್ ಒಬ್ಬಳೇ. ಬರೆಯುವ ಪರೀಕ್ಷೆಯಲ್ಲಿ ಅವಳ ಉತ್ತರಕ್ಕೆ ಒಂದೂ ಕೆಂಪು ಗೆರೆ ಬಿದ್ದಿರಲಿಲ್ಲ. ಬಾಯಿಮಾತಿನ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಬಿದ್ದಿದ್ದಳು. ಪರೀಕ್ಷೆ ಮಾಡುವವಳು ಪಿಲಾರ್ ಎಂಬ ಸ್ಪೇನಿನ ಹೆಂಗಸು, ಸಿರುಗುಪ್ಪದವರ ಬಾಯಲ್ಲಿ ಪಿಲಾರಮ್ಮ. “ನಿನ್ನ ಪದಗಳೆಲ್ಲ ಸರಿಯಾಗಿವೆ. ಆದರೆ ನನಗೆ ಒಂದೂ ಅರ್ಥವಾಗಲಿಲ್ಲ” ಎಂದು ಆಕೆ ಎರಡನೆಯ ಸಲ ಕಣ್ಣು ಮುಚ್ಚಿಕೊಂಡು ಹೇಳಿದ್ದಳಂತೆ. ಮೂರನೆಯ ಸಲವೇ ಕೊನೆ. ಆಮೇಲೆ ಬೇರೆಯವರನ್ನು ನೋಡುತ್ತಾರೆ. ಪರೀಕ್ಷೆಗೆ ಇನ್ನು ಆರು ವಾರ ಇತ್ತು.

ಗುಲ್ನಾಜಳಿಗೆ ಈ ಕೆಲಸ ಎಷ್ಟು ಬೇಕಾಗಿತ್ತೆಂದರೆ ಅದನ್ನು ಹೇಳುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ. “ಐದು ವರ್ಷದಿಂದ ಜೇಬು ಹೊಲೀತಾ ಅದೀನಿ ಕಾಕಾ,” ಎಂದಳು. “ಮಂದಿ ಜೇಬು.”

ಮಾಸ್ತರಿಗೆ ಅಯ್ಯೋ ಅನಿಸಿತು. ಆದರೂ ಪ್ರಾಮಾಣಿಕವಾಗಿ ಹೇಳಿದರು: “ನನಗ ಆ ಭಾಷಿ ಒಂದಕ್ಷರ ಬರಂಗಿಲ್ಲವ್ವಾ.”

“ಮಾರೆಣ್ಣಗ ನೀವು ರಾಜನ ಮಾತು ಕಲಿಸಿದಾಗ ಅವಗ ಸಂಸ್ಕೃತ ಬರ್ತಿತ್ತೇನು?” ಎಂದ ಚಾಂದಸಾಬ್.

“ಅವಗ ಬರ್ತಿರಲಿಲ್ಲ.”

“ನಿಮಗ ಬರ್ತಿತ್ತೇನು?”

ಮಾಸ್ತರು ಎದ್ದು ಪಂಚೆ ಬಿಗಿದು ಕಟ್ಟಿಕೊಂಡರು. “ಹಿತ್ತಲಕ್ಕ ನಡಿ,” ಎಂದರು.

ಹಿತ್ತಲಲ್ಲಿ ಗುಲ್ನಾಜ್ ಒಂದು ಪುಟ ಓದಿದಳು. ಮಾಸ್ತರು ಕಣ್ಣು ಮುಚ್ಚಿ ಕೇಳಿದರು. ಭಾಷೆ ತಿಳಿಯದಿದ್ದರೂ ರೋಗ ತಿಳಿಯಿತು. ಹುಡುಗಿಯ ಓದು ಹೊಲಿಗೆ ಮಿಷನ್ ಓಡಿದಂತೆ ಇತ್ತು, ಎಲ್ಲ ಹೊಲಿಗೆಯೂ ಒಂದೇ ಅಳತೆ. ಅದೇ ಪುಟವನ್ನು ಮೊಬೈಲಿನಲ್ಲಿ ಒಬ್ಬ ಸ್ಪೇನಿನವನು ಓದಿದ್ದನ್ನು ಕೇಳಿದಾಗ ಮಾಸ್ತರ ಬಲಗಾಲು ತಾನಾಗಿಯೇ ಕುಣಿಯತೊಡಗಿತು.

“ಇವ ಒಂದೊಂದು ಮಾತಿಗೂ ಒಂದು ಕಡೆ ಒದೀತಾನಲ್ಲ?”

“ಅದ ಕಾಕಾ. ಪ್ರತಿ ಮಾತಿನ್ಯಾಗ ಒಂದು ತುಂಡಿನ ಮ್ಯಾಲೆ ಒತ್ತು ಬೀಳಬೇಕು. ನಮ್ಮ ಕನ್ನಡದಾಗ ಹಂಗಿಲ್ಲ, ಎಲ್ಲಾ ಒಂದ ಸಮ. ಪುಸ್ತಕದಾಗಿನ ಕಾಯ್ದೆ ಬಾಯಿಪಾಠ ಬರ್ತೈತಿ ನನಗ. ಸ್ವರದಿಂದ ಮುಗಿದ್ರ, ಇಲ್ಲಾ ನ್, ಸ್ ಇಂದ ಮುಗಿದ್ರ, ಕಡೀ ತುಂಡಿನ ಹಿಂದಿನ ತುಂಡಿಗೆ ಒತ್ತು. ಬ್ಯಾರೆ ವ್ಯಂಜನದಿಂದ ಮುಗಿದ್ರ ಕಡೀ ತುಂಡಿಗೆ. ಈ ಕಾಯ್ದೆ ಕೇಳದ ಮಾತಿಗೆ ತಲಿ ಮ್ಯಾಲೆ ಒಂದು ಗೀಟು ಹಾಕ್ತಾರ.”

“ತಲಿಯಾಗ ಇದ್ದದ್ದು ಬಾಯಿಗೆ ಇಳಿವಲ್ದು.”

“ಇಳಿವಲ್ದು ಕಾಕಾ. ಆ-ಬ್ಲೊ ಅಂತ ಮೊದಲನೇ ತುಂಡು ಒತ್ತಿದ್ರ ‘ನಾನು ಮಾತಾಡ್ತೀನಿ’. ಆ-ಬ್ಲೋ ಅಂತ ಎರಡನೇದು ಒತ್ತಿದ್ರ ‘ಅವನು ಮಾತಾಡಿದ’. ನಾನು ಎರಡನ್ನೂ ಒಂದ ಸಮ ಅಂತೀನಿ. ಪಿಲಾರಮ್ಮಗ ಯಾರು ಮಾತಾಡಿದ್ರು ಅನ್ನೋದ ಗೊತ್ತಾಗಂಗಿಲ್ಲ.”

ಮಾಸ್ತರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರು. “ಅಂದ್ರ ಒಂದು ಹೆಜ್ಜಿ ಅತ್ಲಾಗ ಸರಿದ್ರ ಇವತ್ತು ಹೋಗಿ ನಿನ್ನೆ ಆಗ್ತೈತಿ, ನಾನು ಹೋಗಿ ಅವನು ಆಗ್ತಾನ,” ಎಂದರು. ಅವರ ಕಣ್ಣು ಮಿಂಚಿದವು. “ಅರವತ್ನಾಕು ವರ್ಷ ಆತು ನನಗ. ಇಂಥಾದ್ದೊಂದು ಭಾಷಿ ಐತಿ ಅಂತ ಒಬ್ಬರಾದ್ರೂ ಹೇಳಬಾರದೇನು.”

ಅಂದಿನಿಂದ ಪ್ರತಿ ಭಾನುವಾರ ತಾಲೀಮು. ಗುಲ್ನಾಜ್ ಬೆಳಗಿನ ಬಸ್ಸಿಗೆ ಬರುವಳು. ಮೊಬೈಲು ಒಂದು ಪದ ಹೇಳುವುದು, ಮಾಸ್ತರು ಅದನ್ನು ತುಂಡು ಮಾಡಿ ಚಪ್ಪಾಳೆ ತಟ್ಟುವುದು, ಜೀವದ ತುಂಡಿಗೆ ಇಬ್ಬರೂ ಕೂಡಿ ನೆಲ ಒದೆಯುವುದು. ಕ್ರಿಯಾಪದಗಳು ರೂಪ ಬದಲಿಸುವುದನ್ನು ಗುಲ್ನಾಜ್ ವಿವರಿಸಿದಾಗ ಮಾಸ್ತರಿಗೆ ಅದು ನೀರು ಕುಡಿದಷ್ಟು ಸುಲಭವಾಯಿತು. ಮೇಳದಲ್ಲಿ ಜನ ಕಡಿಮೆ ಬಿದ್ದಾಗ ಒಬ್ಬನೇ ಕಿರೀಟ ಬದಲಿಸಿ ಮೂರು ಪಾತ್ರ ಮಾಡುವುದಿಲ್ಲವೇ, ಹಾಗೆ. ಕುಣಿಯುವುದಕ್ಕೆ ಆ ಭಾಷೆಯಲ್ಲಿ ಬೈ-ಲಾರ್ ಎನ್ನುತ್ತಾರೆಂದು ತಿಳಿದ ದಿನವಂತೂ, ನಮ್ಮ ಬಯಲಾಟದ ಮಾತನ್ನೇ ಅವರು ಹಡಗಿನಲ್ಲಿ ಹಾಕಿಕೊಂಡು ಹೋಗಿದ್ದಾರೆ ಎಂದು ಮಾಸ್ತರು ಇಡೀ ಓಣಿಗೆ ಸಾರಿದರು.

“ಬೈಲಾ ಅನ್ನೋದು ಆಳು,” ಎಂದು ಜಂಬಮ್ಮನಿಗೂ ಪಾಠವಾಯಿತು. “ಬೆನ್ನಿಗೆ ಮೊಸ್ ಕಟ್ಟಿದ್ರ ‘ನಾವು ಕುಣಿತೀವಿ’. ನ್ ಕಟ್ಟಿದ್ರ ‘ಅವರು ಕುಣಿತಾರ’. ರೇ ಕಟ್ಟಿದ್ರ ‘ನಾನು ನಾಳೆ ಕುಣಿತೀನಿ’.”

“ಇವತ್ತು ಕುಣಿದದ್ದ ಸಾಕು. ಹಲಗಿ ಮ್ಯಾಲಿನ ಡಬ್ಬಿ ಎರಡು ಬಿದ್ದಾವು,” ಎಂದಳು ಜಂಬಮ್ಮ.

ಒಂದು ಕ್ರಿಯಾಪದದ ಮೇಲೆ ಮಾತ್ರ ಮಾಸ್ತರಿಗೆ ತಡೆಯಲಾರದ ಸಿಟ್ಟು ಬಂದಿತ್ತು. ಹೋಗು ಎನ್ನಲು ಈರ್. ಹೋಗುತ್ತೇನೆ ಎನ್ನಲು ಬೋಯ್. ಹೋದೆ ಎನ್ನಲು ಫುಯಿ. “ಇದು ವೇಷ ಬದಲಿಸಿದ್ದಲ್ಲ,” ಎಂದು ಅವರು ಗುಡುಗಿದರು. “ಮೊದಲಿನ ಆಳು ಓಡಿಹೋಗಿ ಬ್ಯಾರೆಯವ ಬಂದು ನಿಂತಾನ. ಈ ಮೇಳಕ್ಕ ಮಾಸ್ತರ ಅಂತ ಯಾರಾದ್ರೂ ಇದ್ದರೇನು?” ಗುಲ್ನಾಜ್ ಸ್ಪೇನ್ ದೇಶದ ಪರವಾಗಿ ಕ್ಷಮೆ ಕೇಳಿದ ಮೇಲೆಯೇ ತಾಲೀಮು ಮುಂದುವರಿಯಿತು.

ಐದನೆಯ ಭಾನುವಾರದ ಹೊತ್ತಿಗೆ ಹುಡುಗಿಯ ಓದು ಕೇಳಲು ಪಕ್ಕದ ಮನೆಯವರು ಗೋಡೆಯ ಮೇಲೆ ಕೂರತೊಡಗಿದರು. ಒಂದು ಪುಟ ಓದಿ ಮುಗಿಸಿದರೆ ಹಿತ್ತಲಲ್ಲಿ ಧೂಳು ಏಳುತ್ತಿತ್ತು. ಮೊಬೈಲಿನವನಿಗೂ ಅವಳಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ ಎಂದು ಮಾಸ್ತರು ತೀರ್ಪು ಕೊಟ್ಟರು. ಮರುದಿನ ಬೆಳಿಗ್ಗೆ ಚಾಂದಸಾಬನ ಫೋನು ಬಂತು.

“ಮಾಸ್ತರ, ಬರ್ರಿ ಇಲ್ಲಿ. ನನ್ನ ಪ್ಯಾಂಟುಗಳೆಲ್ಲಾ ಸ್ಪ್ಯಾನಿಶ್ ಕಲಿತಾವು.”

ಹೋಗಿ ನೋಡಿದರೆ ಮೂವತ್ತೆಂಟು ಪ್ಯಾಂಟಿನ ಹಿಂದಿನ ಜೇಬುಗಳ ಮೇಲೆ ಹೊಲಿಗೆ ಹಾವು ಹರಿದಂತೆ ಹರಿದಿತ್ತು. ಗುಲ್ನಾಜ್ ಹೊಲಿಯುತ್ತ ಬಾಯಲ್ಲಿ ಕ್ರಿಯಾಪದ ಹೇಳಿಕೊಳ್ಳುತ್ತಿದ್ದಳು. ಒತ್ತು ಬಂದಲ್ಲೆಲ್ಲ ಬಲಗಾಲು ಪೆಡಲನ್ನು ಒದೆಯುತ್ತಿತ್ತು, ಕರೆಂಟಿನ ಮಿಷನ್ನು ಒಮ್ಮೆಲೆ ಹುಚ್ಚು ಹಿಡಿದಂತೆ ಓಡುತ್ತಿತ್ತು. ಕಾಲು ಮರೆಯುವುದಿಲ್ಲ ಎಂಬ ಸಿದ್ಧಾಂತ ನಿಜವೇ ಆಗಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು, ಅಷ್ಟೇ.

ಪ್ಯಾಂಟಿನ ಚಿಂತೆ ಚಾಂದಸಾಬನದು. ಮಾಸ್ತರಿಗೆ ಹತ್ತಿದ್ದು ಬೇರೆ ಭಯ. “ಕುಂತು ಓದವ್ವಾ, ಕಾಲು ಅಲುಗಾಡಿಸಬ್ಯಾಡ,” ಎಂದರು. ಗುಲ್ನಾಜ್ ಕಾಲು ಬಿಗಿಹಿಡಿದು ಓದಿದಳು. ಮೊದಲ ದಿನದ ಹೊಲಿಗೆ ಮಿಷನ್ ಓದೇ ಮತ್ತೆ ಬಂತು. ಕಾಲು ಬಿಟ್ಟಳು, ಸ್ಪೇನ್ ಬಂತು. ಹಿಡಿದಳು, ಹೋಯಿತು. ಪಿಲಾರಮ್ಮನ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು ಮಾತಿಗೊಂದು ಸಲ ನೆಲ ಒದ್ದರೆ ಕೆಲಸ ಕೊಡುತ್ತಾರೆಯೇ, ಡಾಕ್ಟರನ್ನು ಕರೆಸುತ್ತಾರೆಯೇ? ಪರೀಕ್ಷೆಗೆ ಉಳಿದದ್ದು ಹನ್ನೊಂದು ದಿನ. ಬಸ್ಸಿನಲ್ಲಿ ಕುರುಗೋಡಿಗೆ ಮರಳುವಾಗ ಮಾಸ್ತರು ಕಂಡಕ್ಟರನನ್ನು ತಿದ್ದಲಿಲ್ಲ. ಹುಡುಗಿಯ ಬಾಳಿಗೆ ತಾನೇ ಕಲ್ಲು ಹಾಕಿದೆನಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದರು.

ಚಾಂದಸಾಬ್ ಮಗಳನ್ನು ಜೇಬು ಹೊಲಿಯುವುದರಿಂದ ಬಿಡಿಸಿ ದಿನವೂ ಕುರುಗೋಡಿಗೆ ಕಳಿಸಿದ. ಬಿಡಿಸದೆ ಅವನಿಗೂ ಗತಿ ಇರಲಿಲ್ಲ. ಮಾಸ್ತರು ಕಾಲಿನಿಂದ ಒತ್ತನ್ನು ಬಿಡಿಸುವ ಚಿಕಿತ್ಸೆ ಶುರುಮಾಡಿದರು. ಕಾಲು ನೆಲಕ್ಕೆ ತಾಗದ ಹಾಗೆ ನೀರಿನ ಡ್ರಮ್ಮಿನ ಮೇಲೆ ಕೂರಿಸಿದರು. ಹುಡುಗಿ ಹಿಮ್ಮಡಿಯಿಂದ ಡ್ರಮ್ಮು ಬಾರಿಸಿದಳು. ಕಾಲನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಇಡಿಸಿದರು. ಒಂದೇ ಪುಟಕ್ಕೆ ಬಕೆಟ್ಟು ಬರಿದಾಯಿತು, ಮಾಸ್ತರ ಪಂಚೆ ತೊಯ್ದು ಹೋಯಿತು. ಪಕ್ಕದ ಮನೆಯವನೊಬ್ಬ ಕಾಲು ಕಟ್ಟಿಹಾಕಿ ಎಂದು ಗೋಡೆಯ ಮೇಲಿಂದ ಸಲಹೆ ಕೊಟ್ಟ. ಅವನನ್ನು ಜಂಬಮ್ಮ ಗೋಡೆಯಿಂದ ಇಳಿಸಿದಳು.

ದಾರಿ ತೋರಿಸಿದವಳೂ ಅವಳೇ. ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದವಳು, “ರೊಟ್ಟಿ ಬಡಿಯಾಕ ನಾನೇನು ಕಾಲು ಕುಣಿಸ್ತೀನೇನ್ರಿ?” ಎಂದಳು. “ಒತ್ತು ಬಿಡಿಸಬ್ಯಾಡ್ರಿ. ಜಾಗ ಬದಲಿಸ್ರಿ.”

ಮಾಸ್ತರು ಹೆಂಡತಿಯ ಮುಖವನ್ನು ಹೊಸದಾಗಿ ನೋಡಿದರು. ಒಂದು ದಿನ ಒತ್ತನ್ನು ಅಂಗೈಗೆ ತಂದರು. ಅದು ಮೇಜು ಬಡಿಯಿತು. ಭುಜಕ್ಕೆ ತಂದರು. ಹುಡುಗಿ ಜಗಳಕ್ಕೆ ನಿಂತವಳಂತೆ ಕಂಡಳು. ಹುಬ್ಬಿಗೆ ತಂದದ್ದು ಎಲ್ಲಕ್ಕಿಂತ ಅನಾಹುತವಾಯಿತು, ಅದನ್ನು ನೋಡಿ ಜಂಬಮ್ಮನೇ ಬೇಡವೆಂದಳು. ಕೊನೆಗೆ ಏಳನೆಯ ದಿನ ಒತ್ತು ಬಲಗಾಲಿನ ಹೆಬ್ಬೆರಳಿಗೆ ಇಳಿದು ಅಲ್ಲಿ ಸುಮ್ಮನಾಯಿತು. ಪಾದ ಅಲುಗುವುದಿಲ್ಲ, ಬೆರಳೊಂದೇ ನೆಲ ಒತ್ತುತ್ತದೆ. ಅದು ಕಾಣದಿರಲಿ ಎಂದು ಚಾಂದಸಾಬ್ ಬಳ್ಳಾರಿಯಿಂದ ಒಂದು ಜೊತೆ ಕ್ಯಾನ್ವಾಸ್ ಬೂಟು ತಂದುಕೊಟ್ಟ. ಬೂಟಿನೊಳಗೆ ಬೆರಳು, ಬಾಯಲ್ಲಿ ಸ್ಪೇನ್. ಕೂತರೂ ಬಂತು, ಓಡಾಡಿದರೂ ಬಂತು.

ಉಳಿದ ನಾಲ್ಕು ದಿನ ಪ್ರಶ್ನೋತ್ತರ. ಪಿಲಾರಮ್ಮ ಓದಿಸಿದ ಮೇಲೆ ಮಾತಾಡಿಸುತ್ತಾಳೆ. ಏನು ಕೇಳಬಹುದು? ನಿನ್ನ ಹೆಸರೇನು, ಊರು ಯಾವುದು, ಅಪ್ಪ ಏನು ಮಾಡುತ್ತಾನೆ, ಈ ಕೆಲಸ ಯಾಕೆ ಬೇಕು. ಗುಲ್ನಾಜ್ ಉತ್ತರ ಬರೆದಳು, ಮಾಸ್ತರು ಅವನ್ನು ತುಂಡು ಮಾಡಿ ಬೆರಳಿಗೆ ಇಳಿಸಿದರು. “ಬ್ಯಾರೆ ಏನರ ಕೇಳಿದ್ರ?” ಎಂದು ಅವಳು ಒಮ್ಮೆ ಕೇಳಿದ್ದಳು.

“ಕೇಳಂಗಿಲ್ಲ,” ಎಂದಿದ್ದರು ಮಾಸ್ತರು. ರಂಗದ ಮೇಲೆ ಪುಸ್ತಕದಲ್ಲಿ ಇಲ್ಲದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಲವತ್ತೊಂದು ವರ್ಷದ ಅನುಭವ ಅದು.

ಪರೀಕ್ಷೆಯ ದಿನ ಚಾಂದಸಾಬನಿಗೆ ಮಾಲು ಕಳಿಸುವುದಿತ್ತು. ಮಾಸ್ತರೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗುಲ್ನಾಜಳನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದರು. ಕಚೇರಿ ಒಂದು ಅಕ್ಕಿ ಗಿರಣಿಯ ಎದುರು, ಮೊದಲ ಮಹಡಿಯಲ್ಲಿ. ಬಾಗಿಲಲ್ಲಿ ಓಬಳೇಶ ಎಂಬ ಜವಾನ ಸ್ಟೂಲು ಹಾಕಿಕೊಂಡು ಕೂತಿದ್ದ.

“ಬೂಟು ಹೊರಗ ಬಿಡ್ರಿ,” ಎಂದ.

ಮಾಸ್ತರು ನಡುವೆ ಬಂದು ನಿಂತರು. “ಒಳಗ ಹಾಕ್ಕೊಂಡು ಹೋಗ್ಲಿ ಬಿಡಪಾ.”

“ಎಲ್ಲಾರೂ ಬಿಡ್ತಾರ. ಪಿಲಾರಮ್ಮನೂ ಬಿಟ್ಟಾರ, ನೋಡ್ರಿ ಅಲ್ಲಿ.” ನಿಜವಾಗಿಯೂ ಬಾಗಿಲ ಬದಿಯಲ್ಲಿ ದೊಡ್ಡದೊಂದು ಜೊತೆ ಚಪ್ಪಲಿ ಇತ್ತು.

“ನಿನಗ ತಿಳಿಯಂಗಿಲ್ಲಪಾ. ಆಕಿ ವ್ಯಾಕರಣ ಎಲ್ಲಾ ಆ ಬೂಟಿನೊಳಗ ಐತಿ.”

ಓಬಳೇಶ ಬೂಟನ್ನು ಅನುಮಾನದಿಂದ ನೋಡಿದ. ಚೀಟಿ ಇಟ್ಟುಕೊಂಡು ಬಂದಿದ್ದಾರೆ ಎಂದೇ ತಿಳಿದು ಎರಡನ್ನೂ ತೆಗೆಸಿ, ಬೋರಲು ಹಾಕಿ ಕೊಡವಿ, ಒಳಗೆ ಕೈ ಹಾಕಿ ತಡಕಿದ. ಏನೂ ಸಿಗದಿದ್ದಾಗ ಅವನಿಗೆ ಸಂಶಯ ಇನ್ನೂ ಹೆಚ್ಚಾಯಿತು. “ಕಾಕಾ, ಇರಲಿ ಬಿಡ್ರಿ. ಬೆರಳು ನನ್ನ ಕೂಡ ಬರ್ತೈತಿ,” ಎಂದು ಗುಲ್ನಾಜ್ ಬರಿಗಾಲಲ್ಲಿ ಒಳಗೆ ಹೋದಳು.

ಮಾಸ್ತರು ಹೊರಗಿನ ಬೆಂಚಿನ ಮೇಲೆ ಕೂತರು. ಕಿಟಕಿ ತೆರೆದಿತ್ತು, ಪರದೆ ಅಡ್ಡ ಇತ್ತು. ಓದು ಶುರುವಾಯಿತು. ಮೊದಲ ಸಾಲಿಗೇ ಅವರ ಉಸಿರು ಸಡಿಲವಾಯಿತು. ಎಲ್ಲಿ ಒದೆಯಬೇಕೋ ಅಲ್ಲೇ ಒದೆಯುತ್ತಿದ್ದಳು ಹುಡುಗಿ. ಒತ್ತು ಬಿದ್ದಲ್ಲೆಲ್ಲ ಮಾಸ್ತರ ಹೆಬ್ಬೆರಳೂ ಚಪ್ಪಲಿಯೊಳಗೆ ಒತ್ತುತ್ತಿತ್ತು. ಓದು ಮುಗಿದು ಪ್ರಶ್ನೆ ಬಂದವು. ಹೆಸರು, ಸರಾಗ. ಊರು, ಸರಾಗ. ಅಪ್ಪನ ಆರು ಮಿಷನ್ನು, ಸರಾಗ. ಕೆಲಸ ಯಾಕೆ ಬೇಕು ಎಂಬುದಕ್ಕೆ ಅವಳು ಕೊಟ್ಟ ಉತ್ತರ ಕೇಳಿ ಮಾಸ್ತರು ಓಬಳೇಶನ ಕಡೆ ತಿರುಗಿ ಮೀಸೆ ತಿರುವಿದರು.

ಆಮೇಲೆ ಪಿಲಾರಮ್ಮ ಇನ್ನೇನೋ ಕೇಳಿದಳು.

ಅದು ಅವರ ನಾಲ್ಕು ಪ್ರಶ್ನೆಗಳಲ್ಲಿ ಒಂದಾಗಿರಲಿಲ್ಲ. ತಾಲೀಮಿನಲ್ಲಿ ಆ ಸದ್ದನ್ನು ಮಾಸ್ತರು ಕೇಳಿಯೇ ಇರಲಿಲ್ಲ. ಗುಲ್ನಾಜ್ ಒಂದು ಮಾತು ಶುರುಮಾಡಿ ನಿಂತಳು. ಮತ್ತೆ ಶುರುಮಾಡಿದಳು, ಅರ್ಧಕ್ಕೆ ನಿಂತಳು. ಏನೋ ಹುಡುಕುವವಳಂತೆ ಒಂದೇ ತುಂಡನ್ನು ಮೂರು ಸಲ ಹೇಳಿದಳು. ಮಾಸ್ತರು ಬೆರಳು ಮಡಚಿ ಎಣಿಸಿದರು. ನಾಲ್ಕು ಸಲ ತಡವರಿಸಿದ್ದಳು. ಕಿರೀಟ ಮೂಗಿಗೆ ಇಳಿದಾಗಲೂ ಮಾರೆಣ್ಣ ತಡವರಿಸಿರಲಿಲ್ಲ.

ಅವರು ಎದ್ದರು. ಮುಂದಿನದನ್ನು ಕೇಳುವ ಧೈರ್ಯ ಇರಲಿಲ್ಲ. ಕೆಳಗಿಳಿದು, ರಸ್ತೆ ದಾಟಿ, ಗಿರಣಿಯ ಪಕ್ಕದ ಚಹಾದಂಗಡಿಯಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಚಹಾ ಬಂತು, ಆರಿತು. ತಮ್ಮ ಹೆಸರು ಹೋಯಿತೆಂಬುದಕ್ಕೆ ಅವರಿಗೆ ದುಃಖವಾಗಿತ್ತು, ಸುಳ್ಳು ಹೇಳಬಾರದು. ಆದರೆ ಅದಕ್ಕಿಂತ ಹೆಚ್ಚಾಗಿ, ಬೇರೆ ಏನಾದರೂ ಕೇಳಿದರೆ ಎಂದು ಹುಡುಗಿ ಕೇಳಿದಾಗ ಕೇಳಂಗಿಲ್ಲ ಎಂದು ಬಾಯಿ ಮುಚ್ಚಿಸಿದ್ದು ನೆನಪಾಗಿ ಮೈ ಉರಿಯುತ್ತಿತ್ತು. ಚಾಂದಸಾಬನಿಗೆ ಹೇಳಬೇಕಾದ ಮಾತನ್ನು ಅವರು ಮನಸ್ಸಿನಲ್ಲೇ ತುಂಡು ಮಾಡಿ ನೋಡಿದರು. ಯಾವ ತುಂಡಿಗೂ ಕಾಲು ಏಳಲಿಲ್ಲ.

“ಕಾಕಾ, ಇಲ್ಲಿ ಅದೀರೇನು? ಎಲ್ಲಾ ಕಡೆ ಹುಡುಕಿದೆ,” ಎಂದು ಗುಲ್ನಾಜ್ ಬಂದು ಎದುರಿಗೆ ಕೂತಳು. ಬೂಟಿನ ಲಾಡಿ ಕೂಡ ಕಟ್ಟಿರಲಿಲ್ಲ. “ಆತು. ಒಂದನೇ ತಾರೀಖಿಂದ ಬಾ ಅಂದಾರ.”

ಮಾಸ್ತರು ತಿರುಗಿದರು. “ಯಾವ ಕೆಲಸಕ್ಕ? ಕಸ ಹೊಡೆಯಾಕೇನು?”

“ಪತ್ರದ ಕೆಲಸಕ್ಕ ಕಾಕಾ.”

“ಸುಳ್ಳು ಹೇಳಬ್ಯಾಡವ್ವಾ, ನನಗೇನು ಬ್ಯಾಸರ ಇಲ್ಲ. ನಾನು ಕೇಳೀನಿ. ನಾಕು ಸಲ ತಡವರಿಸಿದಿ.”

“ಐದು,” ಎಂದಳು ಗುಲ್ನಾಜ್. “ನೀವು ಹೋದ ಮ್ಯಾಲೆ ಇನ್ನೊಂದು ಸಲ.” ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. “ಓದಿದ್ದು ಭಾಳ ಛಂದ ಆತು ಅಂದ್ರು. ಉತ್ತರನೂ ಛಂದ ಆದ್ವು ಅಂದ್ರು. ಆದ್ರ ಗೋಡಿ ಮ್ಯಾಲೆ ಬರದದ್ದನ್ನ ಓದಿ ಹೇಳಿದಂಗ ಇದ್ವಂತ. ಅದಕ್ಕ ಒಳಗ ಯಾರಾದ್ರೂ ಅದಾರೇನು ನೋಡಾಕ ಅದೊಂದು ಪ್ರಶ್ನಿ ಕೇಳಿದ್ರಂತ. ನಾನು ತಡವರಿಸಾಕ ಹತ್ತಿದ ಕೂಡ್ಲೆ ಪೆನ್ನು ಕೆಳಗಿಟ್ಟು ಕೇಳಾಕ ಹತ್ತಿದ್ರು ಕಾಕಾ. ಹಳ್ಳಿಯಾಗ ಯಾರು ಏನು ಮಾತಾಡ್ತಾರೋ ಮೊದಲ ಗೊತ್ತಿರಂಗಿಲ್ಲ, ಹುಡುಕಿ ಹೇಳೋರ ಬೇಕು ನಮಗ ಅಂದ್ರು.”

ಸಂತೋಷವಾಯಿತೋ ಅವಮಾನವಾಯಿತೋ ಮಾಸ್ತರಿಗೇ ತಿಳಿಯಲಿಲ್ಲ. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. “ಏನು ಕೇಳಿದ್ಲು ಆಕಿ? ಆ ಪ್ರಶ್ನಿ?”

“ಈ ಮಾತಿನ ನಡಿಗಿ ನಿನಗ ಯಾರು ಕಲಿಸಿದ್ರು ಅಂತ.”

ಅಂಗಡಿಯವನು ಲೋಟ ತೆಗೆದುಕೊಂಡು ಹೋದ.

“ಅದನ್ನ ನಾವು ಬರಕೊಂಡಿರಲಿಲ್ಲಲ್ಲ ಕಾಕಾ. ಎಲ್ಲಾ ಪದ ಅಲ್ಲೇ ಕಟ್ಟಬೇಕಾತು. ಒಂದು ಆಳಿಗೆ ಕಿರೀಟ ಹಾಕಿ ನೋಡಿದೆ, ಹೊಂದಲಿಲ್ಲ. ಬ್ಯಾರೆದು ಹಾಕಿದೆ.”

“ಏನಂತ ಹೇಳಿದಿ?”

ಗುಲ್ನಾಜ್ ಮೊದಲು ಕನ್ನಡದಲ್ಲಿ ಹೇಳಿದಳು. “ಊರಾಗ ಒಬ್ಬ ಕಾಕಾ ಅದಾರ ಅಂದೆ. ಅವರಿಗೆ ಸ್ಪ್ಯಾನಿಶ್ ಬರಂಗಿಲ್ಲ. ಆದ್ರ ನಾನು ತಪ್ಪಿದ್ರ ಅವರಿಗೆ ಗೊತ್ತಾಗ್ತೈತಿ ಅಂದೆ.”

ಮಾಸ್ತರು ಪಕ್ಕದ ಗಿರಣಿಯ ಕಡೆ ನೋಡುತ್ತ ಕೂತರು. ಅಲ್ಲಿ ಲಾರಿಗೆ ಚೀಲ ಏರಿಸುತ್ತಿದ್ದರು. ಸಾವಿರಾರು ಮಾತುಗಳನ್ನು ಎಷ್ಟೋ ಜನರ ಬಾಯಿಗೆ ಇಟ್ಟಿದ್ದರು ಅವರು. ತಮ್ಮ ಬಗ್ಗೆ ಒಂದು ಮಾತು, ತಾವು ಹೇಳಿಕೊಡದ ಮಾತು, ಯಾರ ಬಾಯಿಂದಲೂ ಕೇಳಿರಲಿಲ್ಲ.

“ಆ ಭಾಷಿಯೊಳಗ ಹೇಳು, ಕೇಳೋಣು,” ಎಂದರು ಕೊನೆಗೆ.

“ನೋ ಸಾಬೆ ಎಸ್ಪಾನ್ಯೋಲ್,” ಎಂದು ಗುಲ್ನಾಜ್ ಶುರುಮಾಡಿದಳು. “ಪೆರೊ ಸಾಬೆ ಕ್ವಾಂದೊ ಮೆ... ಮೆ ಎಕಿ...” ನಿಂತಳು, ಹುಡುಕಿದಳು. “ಮೆ ಎಕಿವೋಕೊ.”

ಮಾಸ್ತರ ಕಾಲು ಒದೆಯಲು ಎದ್ದಿತ್ತು. ಅದನ್ನು ಅವರು ಮೆಲ್ಲಗೆ ನೆಲದ ಮೇಲೆ ಇಟ್ಟುಕೊಂಡರು. ಇನ್ನೊಂದು ಸಲ ಹೇಳೆಂದರು. ಹುಡುಗಿ ಅದೇ ಜಾಗದಲ್ಲಿ ಮತ್ತೆ ತಡವರಿಸಿದಳು, ಮಾಸ್ತರು ತಿದ್ದಲಿಲ್ಲ.